ನಾಲಿಗೆಯಡಿಯ ಕಾಳು

ನಾಲಿಗೆ ನೋಡದೆ ಬೆಟ್ಟದೂರು ಸಾಯ್ವಪಂಪದಲ್ಲಿ ಯಾರೂ ಹಂದಿ ಕೊಳ್ಳುವುದಿಲ್ಲ. ಹಂದಿಯನ್ನು ಕೆಡವಿ, ಕಾಲು ಕಟ್ಟಿ, ದವಡೆಗಳ ನಡುವೆ ಕೋಲು ಸಿಕ್ಕಿಸಿ, ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಹೊರಗೆಳೆದು, ಅದರ ಅಡಿಭಾಗವನ್ನು ಹೆಬ್ಬೆರಳಿನಿಂದ ಸವರಿ ನೋಡುವುದು ಅಲ್ಲಿಯ ಪದ್ಧತಿ. ಬೆರಳಿಗೆ ನುಣುಪಾಗಿ ಸಿಕ್ಕರೆ ಆ ಹಂದಿ ಪೂರ್ತಿ ಬೆಲೆಗೆ ಅಂದಹುವಾಯ್ಲಾಸ್ ಪಟ್ಟಣದ ಕಸಾಯಿಖಾನೆಗೆ ಹೋಗುತ್ತದೆ. ಗೋಧಿಯಂಥ ಗಂಟುಗಳು ಸಿಕ್ಕರೆ ಕಾಳು ಬಿದ್ದಿದೆ ಎನ್ನುತ್ತಾರೆ. ಅಂಥದ್ದು ಅರ್ಧ ಬೆಲೆಗೆ ಊರೊಳಗಿನ ಬಾಣಲೆಗಳಿಗೇ ಬೀಳುತ್ತದೆ. ಕಾಳು ಬಿದ್ದ ಮಾಂಸವನ್ನು ಎಸೆದವರನ್ನು ಮಾತ್ರ ಊರು ಕಂಡಿರಲಿಲ್ಲ. ಹುರಿಯುವಾಗ ಆ ಕಾಳುಗಳು ಚಟಪಟ ಸಿಡಿಯುತ್ತವೆ, ಆ ರುಚಿಯೇ ಬೇರೆ ಎಂದು ಹೇಳುವ ಹಿರಿಯರೂ ಇದ್ದರು.

ಆ ವರ್ಷ ಬಿತ್ತನೆಗೆ ಮುಂಚಿನ ಶುಕ್ರವಾರ ಎದೆಲ್ಮಿರಾ ಕೊರಾವ್ವಾಳ ಹಿತ್ತಲಲ್ಲಿ ಅರ್ಧ ಊರು ನೆರೆದಿತ್ತು. ಅವಳು ಆ ದಿನ ಹಂದಿ ಮಾರುತ್ತಿರಲಿಲ್ಲ. ಅವಳ ಹಂದಿಯ ನಾಲಿಗೆಯನ್ನು ನೆಚ್ಚಿಕೊಂಡು ಊರಿನ ಒಂದು ನಿರ್ಣಯ ನಿಂತಿತ್ತು.

ಅದರ ಬೇರು ಎರಡು ವರ್ಷ ಹಿಂದಿನದು. ಅವಳ ಮಗಳು ಮಾರ್ಲೆನಿ ಶಾಲೆಯ ಅಂಗಳದಲ್ಲಿ ಸಾಲಿನಲ್ಲಿ ನಿಂತಿದ್ದವಳು ಇದ್ದಕ್ಕಿದ್ದಂತೆ ನೆಲಕ್ಕೆ ಬಿದ್ದು, ಕೈಕಾಲು ಸೆಟೆದು, ಬಾಯಲ್ಲಿ ನೊರೆ ತಂದಿದ್ದಳು. ಮೊದಲು ಯಾರೋ ಗಾಳಿ ಸೋಕಿದೆ ಎಂದರು, ಇನ್ಯಾರೋ ಹೆದರಿಕೆಗೆ ಆತ್ಮ ಜಾರಿದೆ ಎಂದರು. ಪಟ್ಟಣದ ಆಸ್ಪತ್ರೆಯಲ್ಲಿ ತಲೆಯ ಚಿತ್ರ ತೆಗೆದಾಗ ಮಿದುಳಿನಲ್ಲಿ ಮೂರು ಚುಕ್ಕೆಗಳು ಕಂಡವು. ಹಂದಿಯ ಮಾಂಸದಲ್ಲಿರುವ ಕಾಳೇ ಇದು, ಮಗುವಿನ ತಲೆಯಲ್ಲಿದೆ, ಅಷ್ಟೇ ವ್ಯತ್ಯಾಸ ಎಂದು ವೈದ್ಯರು ಹೇಳಿದ್ದರು. ಅಂದಿನಿಂದ ಮಾರ್ಲೆನಿ ದಿನವೂ ಸಂಜೆ ಮಾತ್ರೆ ನುಂಗುತ್ತಾಳೆ. ಒಲೆಯ ಬಳಿ ಒಬ್ಬಳೇ ಕೂರುವಂತಿಲ್ಲ, ಹೊಳೆಗೆ ಒಬ್ಬಳೇ ಇಳಿಯುವಂತಿಲ್ಲ.

ಮಗುವಿನ ತಲೆಗೆ ಕಾಳು ಹೇಗೆ ಹೋಯಿತು ಎಂಬುದನ್ನು ಎದೆಲ್ಮಿರಾಳಿಗೆ ಬಿಡಿಸಿ ಹೇಳಿದವಳು ಊರೂರು ಸುತ್ತುವ ಪಶುವೈದ್ಯೆ ರೋಸ್ಮೆರಿ ಪಿಯಾಕಾ. ಕಾಳು ಬಿದ್ದ ಮಾಂಸವನ್ನು ಅರೆಬೇಯಿಸಿ ತಿಂದವನ ಕರುಳಿನಲ್ಲಿ ಲಾಡಿಹುಳು ಬೆಳೆಯುತ್ತದೆ. ಅದರ ಮೊಟ್ಟೆಗಳು ಅವನ ಮಲದಲ್ಲಿ ಹೊರಬೀಳುತ್ತವೆ. ಆ ಮಲವನ್ನು ತಿಂದ ಹಂದಿಯ ಮಾಂಸದಲ್ಲಿ ಮತ್ತೆ ಕಾಳು ಹುಟ್ಟುತ್ತದೆ. ಅದೇ ಮೊಟ್ಟೆ ತೊಳೆಯದ ಕೈಯಿಂದ ಇನ್ನೊಬ್ಬರ ಬಾಯಿಗೆ ಹೋದರೆ ಕಾಳು ಹುಟ್ಟುವುದು ಆ ಮನುಷ್ಯನಲ್ಲಿ. ಹುಳು ಹೊತ್ತವನಿಗೆ ನೋವಿಲ್ಲ, ಜ್ವರವಿಲ್ಲ. ತಾನು ಹೊತ್ತಿದ್ದೇನೆಂಬುದೇ ಅವನಿಗೆ ತಿಳಿಯುವುದಿಲ್ಲ. ಹೀಗಾಗಿ ಮಾಡಬೇಕಾದ ಕೆಲಸ ಎರಡು: ಹಂದಿಗಳನ್ನು ದೊಡ್ಡಿಯೊಳಗೆ ಕೂಡಬೇಕು, ಊರಿನವರೆಲ್ಲ ಒಂದೇ ಸಲ ಹುಳುವಿನ ಮಾತ್ರೆ ನುಂಗಬೇಕು.

ಇದನ್ನು ಎದೆಲ್ಮಿರಾ ಜನವರಿಯ ಗ್ರಾಮಸಭೆಯಲ್ಲಿ ಎದ್ದು ನಿಂತು ಹೇಳಿದಾಗ ಜನ ನಕ್ಕರು. ಅಧ್ಯಕ್ಷ ಮೆಲ್ಚೋರ್ ಅಯ್ಕಾ ನಗಲಿಲ್ಲ, ಅವನು ವ್ಯವಹಾರಸ್ಥ. ಹಂದಿಯೊಂದನ್ನು ದೊಡ್ಡಿಯಲ್ಲೇ ಹುಟ್ಟಿಸಿ, ದೊಡ್ಡಿಯಲ್ಲೇ ಬೆಳೆಸಿ, ಬಿತ್ತನೆಯ ಸಭೆಗೆ ಮೊದಲು ಅದರ ನಾಲಿಗೆಯನ್ನು ಎಲ್ಲರೆದುರು ತೋರಿಸು ಎಂದ. ನುಣುಪಾಗಿದ್ದರೆ ಊರೇ ಗೋಡೆ ಕಟ್ಟುತ್ತದೆ, ಮಾತ್ರೆಯನ್ನೂ ನುಂಗುತ್ತದೆ. ಕಾಳಿದ್ದರೆ ಈ ಮಾತನ್ನು ಮತ್ತೆ ಸಭೆಯಲ್ಲಿ ಎತ್ತಕೂಡದು. ಅವಳು ಒಪ್ಪಿದಳು.

ಗಂಡ ಕಾಫಿ ತೋಟದ ಕೂಲಿಗೆಂದು ಕೆಳಗಿನ ಕಾಡುಸೀಮೆಯಲ್ಲಿದ್ದ. ಮಾವ ದೋನ್ ಸೆನೋಬಿಯೊಗೆ ಮೊಣಕಾಲಿನ ಬೇನೆ. ಆದ್ದರಿಂದ ಮಣ್ಣಿಟ್ಟಿಗೆ ಬಡಿದವಳೂ ಅವಳೇ, ಗೋಡೆ ಎತ್ತಿದವಳೂ ಅವಳೇ. ನಾಯಿ ಹಾರಬಾರದು, ಪಕ್ಕದ ಮನೆಯ ಹಂದಿ ಇಣುಕಬಾರದು ಎಂದು ಗೋಡೆಯನ್ನು ಎದೆಮಟ್ಟಕ್ಕೆ ಏರಿಸಿದಳು. ಮರವೊಂದೂ ಇಲ್ಲದ ಆ ಬೋಳು ಇಳಿಜಾರಿನಲ್ಲಿ ಅಷ್ಟು ಎತ್ತರದ ಗೋಡೆ ಇನ್ನೊಂದಿರಲಿಲ್ಲ. ಹಂದಿಯ ಕೂಳನ್ನು ಬೇಯಿಸಿ ಹಾಕಿದಳು, ಶಾಲೆಯ ನಲ್ಲಿಯಿಂದ ನೀರು ಹೊತ್ತು ತಂದಳು. ಅಡ್ಡಾಡುವ ಹಂದಿ ತನ್ನ ಹೊಟ್ಟೆಯನ್ನು ತಾನೇ ಹೊರೆಯುತ್ತದೆ. ಕೂಡಿಹಾಕಿದ ಹಂದಿಯ ಹೊಟ್ಟೆಯನ್ನು ಸಾಕಿದವರ ಬೆನ್ನು ಹೊರಬೇಕು. ನೀರಿನ ಕೊಡ ಹೊತ್ತು ಹೋಗುವಾಗಲೆಲ್ಲ ಪಕ್ಕದ ಮನೆಯ ಹಸಿಂತಾ ಹಂದಿಯಪ್ಪನಿಗೆ ಸ್ನಾನವಾಯಿತೇ, ಹಾಸಿಗೆ ಹಾಸಿದ್ದಾಯಿತೇ ಎಂದು ವಿಚಾರಿಸಿಕೊಳ್ಳುತ್ತಿದ್ದಳು.

ಅಂಥ ಹಂದಿ ಈಗ ಕಾಲು ಕಟ್ಟಿಸಿಕೊಂಡು ನೆಲದ ಮೇಲೆ ಅರಚುತ್ತಿತ್ತು. ನಾಲಿಗೆ ನೋಡುವವನು ಹಂದಿ ವ್ಯಾಪಾರಿ ಫಾಕುಂದೊ. ಅವನ ಹೆಬ್ಬೆರಳಿನ ತೀರ್ಪನ್ನು ಅಪ್ಪನಾಣೆಗಿಂತ ಹೆಚ್ಚು ನಂಬುತ್ತಿದ್ದರು. ಕೋಲು ಸಿಕ್ಕಿಸಿ, ನಾಲಿಗೆಯನ್ನು ಎಳೆದು, ಒಮ್ಮೆ ಸವರಿದ. ಮತ್ತೊಮ್ಮೆ ಸವರಿದ. ಅವನ ಮುಖ ನೋಡಿಯೇ ಎದೆಲ್ಮಿರಾಳಿಗೆ ಗೊತ್ತಾಯಿತು.

"ಇಲ್ಲಿ ಬಾರವ್ವ, ನೀನೇ ಮುಟ್ಟಿ ನೋಡು," ಎಂದ ಫಾಕುಂದೊ. "ಆಮೇಲೆ ಫಾಕುಂದೊ ಮೆಲ್ಚೋರನ ಕಡೆ ಸೇರ್ಕೊಂಡು ಸುಳ್ಳು ಹೇಳ್ದ ಅನ್ಬೇಡ."

ಅವಳು ಮುಟ್ಟಿದಳು. ಮುಟ್ಟುವ ಅಗತ್ಯವೂ ಇರಲಿಲ್ಲ. ತೆಳ್ಳನೆಯ ತೊಗಲಿನಡಿ ಬಿಳಿ ಕಾಳುಗಳು ಎದ್ದು ಕಾಣುತ್ತಿದ್ದವು, ಒಂದಲ್ಲ ಎರಡಲ್ಲ, ನೆನೆಸಿಟ್ಟ ಗೋಧಿಯಂತೆ.

"ಅರಮನೇಲಿ ಸಾಕಿದ್ದಕ್ಕೂ ಕಾಳು, ಬೀದೀಲಿ ಬೆಳೆದಿದ್ದಕ್ಕೂ ಕಾಳು," ಎಂದಳು ಹಸಿಂತಾ. "ನಮ್ಮವು ಪಾಪ ನಾಲ್ಕು ದಿನ ಊರಾದ್ರೂ ನೋಡಿದ್ವು."

ಜನ ನಕ್ಕರು. ಹಸಿಂತಾಳ ನಗುವಿನಲ್ಲಿ ಹಗೆ ಇರಲಿಲ್ಲ. ಮಾರ್ಲೆನಿ ಬಿದ್ದ ದಿನ ಆಸ್ಪತ್ರೆಯ ತನಕ ಅವಳನ್ನು ಬೆನ್ನ ಮೇಲೆ ಹೊತ್ತವಳು ಅವಳೇ. ಅದಕ್ಕೇ ಅವಳ ಮಾತು ಹೆಚ್ಚು ಚುಚ್ಚಿತು. ಹೋಗುವ ಮುನ್ನ ಅವಳು ಹತ್ತಿರ ಬಂದು, ಹೇಗೂ ಕಾಳು ಬಿದ್ದಿದೆ, ಬಿತ್ತನೆಯ ಊಟಕ್ಕೆ ಅರ್ಧ ಬೆಲೆಗೆ ಕೊಡು, ಚೆನ್ನಾಗಿ ಹುರಿಯೋಣ ಎಂದು ಕೇಳಿದಳು. ಎದೆಲ್ಮಿರಾ ಹಂದಿಯ ಕಾಲಿನ ಹಗ್ಗ ಬಿಚ್ಚಿದಳು. ಹಂದಿ ಎದ್ದು, ಮೈ ಕೊಡವಿ, ಏನೂ ಆಗದಂತೆ ದೊಡ್ಡಿಯ ಮೂಲೆಗೆ ಹೋಗಿ ನಿಂತಿತು.

ಮಧ್ಯಾಹ್ನ ರೋಸ್ಮೆರಿ ಮೋಟಾರ್ ಸೈಕಲ್ಲಿನಲ್ಲಿ ಬಂದಾಗ ಎದೆಲ್ಮಿರಾ ಅವಳನ್ನು ಕುಳಿತುಕೊಳ್ಳಿ ಎನ್ನಲಿಲ್ಲ.

"ಗೋಡೆ ಕಟ್ಟು ಅಂದ್ರಿ, ಕಟ್ದೆ. ಕೂಳು ಬೇಯಿಸು ಅಂದ್ರಿ, ಬೇಯಿಸ್ದೆ. ಇನ್ನೇನು ಮಾಡ್ಬೇಕಿತ್ತು, ಹೇಳಿ ಡಾಕ್ಟರಮ್ಮ? ಹಂದೀನ ತೊಟ್ಲಲ್ಲಿ ಹಾಕಿ ತೂಗ್ಬೇಕಿತ್ತಾ?"

ರೋಸ್ಮೆರಿಗೂ ಸಾಕಾಗಿತ್ತು. ಆರು ತಿಂಗಳಿನಿಂದ ಈ ಊರಿನಲ್ಲಿ ಮಲದ ಮಾದರಿಗೆಂದು ಪ್ಲಾಸ್ಟಿಕ್ ಡಬ್ಬಿಗಳನ್ನು ಹಂಚುತ್ತಿದ್ದಳು. ಅರ್ಧಕ್ಕರ್ಧ ಡಬ್ಬಿಗಳು ಮನೆಗಳಲ್ಲಿ ಉಪ್ಪಿನ, ಅಂಗಿಗುಂಡಿಯ ಡಬ್ಬಿಗಳಾಗಿದ್ದವು. ವಾಪಸು ಬಂದವುಗಳಲ್ಲಿ ಒಂದರಲ್ಲಿ ಗಿನಿಯಿಲಿಯ ಹಿಕ್ಕೆ, ಎರಡರಲ್ಲಿ ನಾಯಿಯದು. ಒಂದು ಮನೆಯ ಐದೂ ಡಬ್ಬಿಗಳನ್ನು ತುಂಬಿದ್ದು ಒಂದೇ ಮಗು. ದೋನ್ ಸೆನೋಬಿಯೊ ಮಾತ್ರ ಡಬ್ಬಿಯನ್ನು ತೊಳೆದು, ಒರೆಸಿ, ಖಾಲಿಯಾಗಿಯೇ ಹಿಂತಿರುಗಿಸಿದ್ದ. ತಾನು ಹಿಂದೊಮ್ಮೆ ಈ ಊರಿನ ಅಧ್ಯಕ್ಷನಾಗಿ ಬೆಳ್ಳಿಕಟ್ಟಿನ ಕೋಲು ಹಿಡಿದವನು, ಇಂಥದ್ದನ್ನು ಹೆಂಗಸಿನ ಕೈಗೆ ಕೊಡಲಾರೆ ಎಂದು ಮರ್ಯಾದೆಯಿಂದಲೇ ತಿಳಿಸಿದ್ದ.

ರೋಸ್ಮೆರಿ ತಾನೇ ದೊಡ್ಡಿಗಿಳಿದು ಹಂದಿಯ ನಾಲಿಗೆಯನ್ನೂ ಕಣ್ಣಿನ ಅಂಚನ್ನೂ ನೋಡಿದಳು. ಆಮೇಲೆ ಕೈ ತೊಳೆಯುತ್ತ ಹೇಳಿದ್ದಿಷ್ಟು: ಅಲೆದಾಡುವ ಹಂದಿ ಇಂದೊಂದು ಕಡೆ ತಿನ್ನುತ್ತದೆ, ನಾಳೆ ಇನ್ನೊಂದು ಕಡೆ, ಅದಕ್ಕೆ ಹತ್ತಾರು ಕಾಳು ಬೀಳಬಹುದು. ಇದು ಹಾಗಲ್ಲ. ಕಣ್ಣಿನ ಅಂಚಿನವರೆಗೂ ಕಾಳು ಬಂದಿದೆ ಎಂದರೆ ಮೊಟ್ಟೆಗಳು ಇದರ ಬಾಯಿಗೆ ನೇರವಾಗಿ, ಮತ್ತೆ ಮತ್ತೆ ಬಂದಿವೆ. ಕಾಳಿನ ಗಾತ್ರ ನೋಡಿದರೆ ಎರಡು ಮೂರು ತಿಂಗಳಿನದು.

"ದೊಡ್ಡಿ ಒಳಗೆ ಯಾರ್ಯಾರು ಹೋಗ್ತಾರೆ?" ಎಂದು ಕೇಳಿದಳು.

"ಕೂಳು ಹಾಕೋಕೆ ನಾನು. ಇನ್ಯಾರು ಹೋಗ್ತಾರೆ? ಹಂದಿ ಮುಖ ನೋಡೋಕೆ ಜನ ಬರ್ತಾರಾ?"

"ಕಕ್ಕಸು ಇದೆ ಅಲ್ವಾ ನಿಮ್ಮನೇಲಿ?"

ಇದೆ ಎಂದಳು ಎದೆಲ್ಮಿರಾ. ಹಿತ್ತಲ ತುದಿಯಲ್ಲಿ, ತಗಡಿನ ಸೂರು, ಗಟ್ಟಿ ಬಾಗಿಲು, ಊರಿನಲ್ಲೇ ಒಳ್ಳೆಯದು. ಅದನ್ನೂ ತಾನೇ ನಿಂತು ಕಟ್ಟಿಸಿದ್ದು ಎಂದಳು. ರೋಸ್ಮೆರಿ ಒಂದು ಹೊಸ ಡಬ್ಬಿಯನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಯಾರು ಬೇಕಾದರೂ ತುಂಬಿ ಕೊಡಲಿ, ಹೆಸರು ಕೇಳುವುದಿಲ್ಲ ಎಂದು ಹೇಳಿ ಹೊರಟಳು. ಭಾನುವಾರದ ಸಭೆಗೆ ತಾನು ಬಂದರೆ ಜನ ಇನ್ನಷ್ಟು ಮುನಿಯುತ್ತಾರೆಂದು ಅವಳಿಗೆ ಗೊತ್ತಿತ್ತು, ಎದೆಲ್ಮಿರಾಳಿಗೂ ಗೊತ್ತಿತ್ತು.

ಮರುದಿನ ಬೆಳಗಿನ ಜಾವ ಒಲೆ ಹಚ್ಚಲೆಂದು ಸೆಗಣಿಯ ಬೆರಣಿ ತರಲು ಎದೆಲ್ಮಿರಾ ಹೊರಗೆ ಬಂದಳು. ನೆಲದ ಮೇಲೆ ಹಿಮ ಕಟ್ಟಿತ್ತು. ದೊಡ್ಡಿಯಲ್ಲಿ ಹಂದಿ ಗುಟುರು ಹಾಕುತ್ತಿತ್ತು. ಅದು ಕೂಳಿನ ಹೊತ್ತಿನ ಗುಟುರು. ಕೂಳು ತಾನಿನ್ನೂ ಕಲಸಿಯೇ ಇಲ್ಲವಲ್ಲ ಎಂದುಕೊಳ್ಳುವಷ್ಟರಲ್ಲಿ ಗೋಡೆಯ ಆಚೆ ಒಂದು ಟೋಪಿ ಕಂಡಿತು. ಕಂದು ಉಣ್ಣೆಯ, ಅಂಚು ಸವೆದ, ಮಾವನ ಟೋಪಿ. ಅದು ಸ್ವಲ್ಪ ಹೊತ್ತು ಅಲ್ಲಾಡಿ, ನಿಧಾನವಾಗಿ ಕೆಳಗಿಳಿದು, ಗೋಡೆಯ ಹಿಂದೆ ಮರೆಯಾಯಿತು.

"ಹೋಗತ್ಲಾಗೆ, ಸ್ವಲ್ಪ ತಡ್ಕೋ," ಎಂದು ಹಂದಿಗೆ ಹೇಳುತ್ತಿದ್ದ ಮುದುಕನ ದನಿ ಕೇಳಿಸಿತು. ಸಿಟ್ಟಿನ ದನಿಯಲ್ಲ. ದಿನವೂ ಹೇಳಿ ರೂಢಿಯಾದ ದನಿ.

ಕೈಯಲ್ಲಿದ್ದ ಬೆರಣಿಯನ್ನು ಎದೆಗವಚಿಕೊಂಡು ನಿಂತೇ ಇದ್ದಳು. ಮೊದಲು ಬಂದಿದ್ದು ಕೋಪ. ಅಷ್ಟು ಒಳ್ಳೆಯ ಶೌಚಾಲಯ ಹತ್ತು ಮಾರು ದೂರದಲ್ಲಿರುವಾಗ ಈ ಮುದುಕನಿಗೇನು ಬಂತು ಎಂದು ಹಲ್ಲು ಕಚ್ಚಿ ಅತ್ತ ತಿರುಗಿದಳು. ಶೌಚಾಲಯದ ಬಾಗಿಲಿನಲ್ಲಿ ಬೀಗ ನೇತಾಡುತ್ತಿತ್ತು.

ಬೀಗದ ಕೈ ಅವಳ ಕೊರಳಿನಲ್ಲೇ ಇತ್ತು.

ಹಿಂದಿನ ವರ್ಷ ಕಣಜದಿಂದ ಬಿತ್ತನೆ ಗೆಡ್ಡೆ ಕಳುವಾಗಿತ್ತು. ಬಿತ್ತನೆ ಆಲೂಗಡ್ಡೆ ಕಳೆದುಕೊಂಡ ಮನೆ ಒಂದಿಡೀ ವರ್ಷ ಕಳೆದುಕೊಂಡಂತೆ. ಜೂನಿನಲ್ಲಿ ಗೆಡ್ಡೆ ಅಗೆದು, ಒಳ್ಳೆಯವನ್ನು ಆರಿಸಿ, ಎಲ್ಲಿಡಬೇಕೆಂದು ಸುತ್ತ ನೋಡಿದಾಗ ಮನೆಗೆಲ್ಲ ಒಣಗಿದ, ಸೋರದ, ಬೀಗ ಹಾಕಲು ಬರುವ ಜಾಗ ಅದೊಂದೇ ಇತ್ತು. ಗುಂಡಿಯ ಮೇಲೆ ಹಲಗೆ ಮುಚ್ಚಿ, ಮೇಲೆ ಹುಲ್ಲು ಹರಡಿ, ಮೂಟೆಗಳನ್ನು ಜೋಡಿಸಿದ್ದಳು. ಊರಿನ ಅರ್ಧ ಶೌಚಾಲಯಗಳಲ್ಲಿ ಗೆಡ್ಡೆಯೋ ಹುಲ್ಲೋ ಕೋಳಿಯೋ ಇರುತ್ತಿದ್ದವು, ಅದರಲ್ಲಿ ವಿಶೇಷವೇನೂ ಇರಲಿಲ್ಲ. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳ ತಿಂಡಿ ಬೇಯಿಸುವ ಅವಳಿಗೆ ಶಾಲೆಯ ಶೌಚಾಲಯವಿತ್ತು, ಮಾರ್ಲೆನಿಗೂ ಅದೇ. ಮಾವ ಎಲ್ಲಿ ಹೋಗುತ್ತಾನೆ ಎಂದು ಅವಳು ಕೇಳಿರಲಿಲ್ಲ. ಹೊಲ ಬಯಲಿಗೆ ಹೋಗಬೇಡಿ, ಊರ ಹಂದಿಗಳು ಬರುತ್ತವೆ ಎಂದು ಮಾತ್ರ ಹೇಳುತ್ತಲೇ ಇದ್ದಳು. ಹಳ್ಳಕ್ಕಿಳಿಯಲು ಅವನಿಗೆ ಮೊಣಕಾಲು ಬಿಡದು. ಗಾಳಿ ತಾಗದ, ಯಾರ ಕಣ್ಣಿಗೂ ಬೀಳದ, ಊರ ಹಂದಿಗಳು ಬಾರದ ಜಾಗ ಆ ಇಳಿಜಾರಿನಲ್ಲಿ ಒಂದೇ ಇತ್ತು. ಅದನ್ನು ಕಟ್ಟಿದವಳೂ ಅವಳೇ.

ಒಳಗೆ ಹೋಗಿ ಒಲೆ ಹಚ್ಚಿದಳು. ಸಿಪ್ಪೆಯ ಸಮೇತ ಬೇಯಿಸಿದ ಆಲೂಗಡ್ಡೆಗಳನ್ನು ಬುಟ್ಟಿಗೆ ಸುರಿದು ನಡುವೆ ಇಟ್ಟಳು. ದೋನ್ ಸೆನೋಬಿಯೊ ಕುಂಟುತ್ತ ಬಂದು ತನ್ನ ಜಾಗದಲ್ಲಿ ಕುಳಿತ. ಮಾರ್ಲೆನಿ ಅವನ ಪಕ್ಕಕ್ಕೆ ಜರುಗಿ ಕೈ ಚಾಚಿದಳು. ದಿನವೂ ನಡೆಯುವ ಪದ್ಧತಿ ಅದು: ಬುಟ್ಟಿಯಲ್ಲಿ ದೊಡ್ಡದಾದ, ಹಿಟ್ಟು ಒಡೆದ ಗೆಡ್ಡೆಯೊಂದನ್ನು ತಾತ ಆರಿಸಿ, ಬಿಸಿಬಿಸಿ ಇರುವಾಗಲೇ ಉಗುರಿನಿಂದ ಸಿಪ್ಪೆ ಸುಲಿದು, ಊದಿ, ಮೊಮ್ಮಗಳ ಕೈಗಿಡಬೇಕು. ಆಮೇಲೆಯೇ ಉಳಿದವರು ಬುಟ್ಟಿಗೆ ಕೈ ಹಾಕುವುದು. ಸುಲಿದ ಗೆಡ್ಡೆ ಕೊಡುವುದು ಆ ಸೀಮೆಯಲ್ಲಿ ಮುದ್ದಿನ ಗುರುತು. ಅವಳು ಹಾಲುಹಲ್ಲಿನ ಮಗುವಾಗಿದ್ದಾಗಿನಿಂದ ಅವನು ಹಾಗೆ ಕೊಡುತ್ತ ಬಂದಿದ್ದ.

ಎದೆಲ್ಮಿರಾ ಆ ಉಗುರುಗಳನ್ನು ನೋಡಿದಳು.

ಎರಡು ವರ್ಷಗಳಿಂದ ಅವಳು ಹುಡುಕಿದ್ದೆಲ್ಲ ಹೊರಗೆ. ಹಸಿಂತಾಳ ಹಂದಿ, ಮೆಲ್ಚೋರನ ಮನೆಯವರು ಬಯಲಿಗೆ ಹೋಗುವ ಹಳ್ಳ, ಸಂತೆಯಲ್ಲಿ ಮಾರುವ ಹುರಿದ ಮಾಂಸ, ಊರಿನ ಕೊಳಕು. ಬೆರಳು ತೋರಿಸದ ಮನೆ ಒಂದೂ ಉಳಿದಿರಲಿಲ್ಲ, ತನ್ನದೊಂದನ್ನು ಬಿಟ್ಟು.

"ಮಾವ, ಕೈ ತೊಳ್ಕೊಳ್ಳಿ," ಎಂದಳು. ದನಿ ಅವಳಿಗೇ ಒರಟಾಗಿ ಕೇಳಿಸಿತು.

"ತೊಳೆದಿದೀನಲ್ಲಮ್ಮ, ಹಿಮದಲ್ಲಿ ಉಜ್ಜಿದೀನಿ," ಎಂದ ಅವನು, ಸುಲಿದ ಗೆಡ್ಡೆಯನ್ನು ಮಗುವಿನ ಅಂಗೈಗಿಡುತ್ತ.

ಎದೆಲ್ಮಿರಾ ಅದನ್ನು ಕಿತ್ತುಕೊಂಡು ಒಲೆಗೆಸೆದಳು. ಮಾರ್ಲೆನಿ ಅಳಲಾರಂಭಿಸಿದಳು. ಮುದುಕ ಸೊಸೆಯ ಮುಖವನ್ನು ನೋಡಿದ. ಅವಳು ಕೊರಳಿನಿಂದ ಬೀಗದ ಕೈ ತೆಗೆದು ಅವನ ಮುಂದಿಟ್ಟಳು. ಅವನು ಆ ಬೀಗದ ಕೈಯನ್ನೂ, ಬಾಗಿಲಾಚೆ ಕಾಣುವ ದೊಡ್ಡಿಯ ಗೋಡೆಯನ್ನೂ, ಒಲೆಯಲ್ಲಿ ಸುಡುತ್ತಿದ್ದ ಗೆಡ್ಡೆಯನ್ನೂ ಒಂದೊಂದಾಗಿ ನೋಡಿದ. ಆಮೇಲೆ ಏನನ್ನೂ ತಿನ್ನದೆ ಎದ್ದು ಹೋದ.

ಭಾನುವಾರದ ಸಭೆ ಶಾಲೆಯ ಅಂಗಳದಲ್ಲಿ ಸೇರಿತು. ಬಿತ್ತನೆಯ ಸರದಿ, ನೀರಿನ ಸರದಿಗಳ ಮಾತು ಮುಗಿದ ಮೇಲೆ ಮೆಲ್ಚೋರ್ ಹಂದಿಯ ವಿಷಯ ಎತ್ತಿದ. ನಾಲಿಗೆಯನ್ನು ಎಲ್ಲರೂ ನೋಡಿಯಾಗಿದೆ, ಹೆಚ್ಚು ಮಾತು ಬೇಡ, ಎದೆಲ್ಮಿರಾ ಏನಾದರೂ ಹೇಳುವುದಿದ್ದರೆ ಹೇಳಲಿ ಎಂದ.

ಅವಳು ಎದ್ದು ನಿಂತಳು. ಹಿಂದಿನ ದಿನದಿಂದ ಈ ಗಳಿಗೆಗೆಂದೇ ಮಾತುಗಳನ್ನು ಜೋಡಿಸಿಟ್ಟಿದ್ದಳು. ಒಂದು ವಾಕ್ಯ ಸಾಕಿತ್ತು: ಹುಳು ನಮ್ಮ ಮನೆಯಲ್ಲಿದೆ, ಮಾವನ ಹೊಟ್ಟೆಯಲ್ಲಿದೆ, ಅವರು ದೊಡ್ಡಿಗೆ ಹೋಗುತ್ತಿದ್ದರು, ಅದಕ್ಕೇ ಕಾಳು ಬಿತ್ತು, ದೊಡ್ಡಿಯದು ತಪ್ಪಲ್ಲ. ಆ ಮಾತು ಗೋಡೆಯನ್ನೂ ಗೆಲ್ಲಿಸುತ್ತಿತ್ತು, ಮಾತ್ರೆಯನ್ನೂ ಗೆಲ್ಲಿಸುತ್ತಿತ್ತು. ಊರಿನ ಮಾಜಿ ಅಧ್ಯಕ್ಷನಿಗೇ ಹುಳುವಿದ್ದರೆ ತಮಗಿಲ್ಲವೆಂದು ಯಾರು ತಾನೇ ಎದೆ ತಟ್ಟಿ ಹೇಳುತ್ತಿದ್ದರು? ದೋನ್ ಸೆನೋಬಿಯೊ ಮಾಜಿ ಅಧ್ಯಕ್ಷರ ಸಾಲಿನಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕುಳಿತಿದ್ದ. ಸಭೆಗೆಂದು ಬೆಳ್ಳಿಕಟ್ಟಿನ ಕೋಲನ್ನು ಉಜ್ಜಿ ತಂದಿದ್ದ. ಅವಳ ಕಡೆ ನೋಡಲಿಲ್ಲ.

"ಕಕ್ಕಸಲ್ಲಿ ಬಿತ್ತನೆ ಗೆಡ್ಡೆ ತುಂಬಿ ಬೀಗ ಹಾಕಿದ್ದೆ," ಎಂದಳು ಎದೆಲ್ಮಿರಾ. "ಕಳ್ಳರ ಭಯಕ್ಕೆ. ಅದರಿಂದ ಹಿಂಗಾಯ್ತು. ದೊಡ್ಡಿ ತಪ್ಪಲ್ಲ, ನನ್ನ ತಪ್ಪು."

ಹೇಗೆ ಎಂದು ಮೆಲ್ಚೋರ್ ಕೇಳಿದ. ಕಕ್ಕಸಿಗೆ ಬೀಗ ಹಾಕಿದರೆ ಹಂದಿಗೆ ಕಾಳು ಬೀಳುವುದು ಹೇಗೆ?

"ದೊಡ್ಡಿ ಒಳಗೆ ಹೋಗಿದ್ದು ಆಯ್ತು."

"ಯಾರು?"

ಟೋಪಿಯ ಅಂಚನ್ನು ಹಿಡಿದಿದ್ದ ಬೆರಳುಗಳು ನಿಂತುಹೋದದ್ದು ಅವಳಿಗೆ ಕಂಡಿತು. ಮಾರ್ಲೆನಿ ಬಿದ್ದಾಗ ರಾತ್ರಿಯೆಲ್ಲ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಸವರುತ್ತಿದ್ದ ಬೆರಳುಗಳವು.

"ನಾನೇ," ಎಂದಳು.

ನಗು ಒಂದು ಮೂಲೆಯಿಂದೆದ್ದು ಅಂಗಳವನ್ನೆಲ್ಲ ತುಂಬಿತು. ಫಾಕುಂದೊ ಕಣ್ಣೊರೆಸಿಕೊಂಡ. ಊರಿಗೆಲ್ಲ ಬುದ್ಧಿ ಹೇಳುವವಳು ತನ್ನ ಹಂದಿಗೆ ತಾನೇ ಬಡಿಸಿದಳಲ್ಲ ಎಂದು ಯಾರೋ ಹೇಳಿದರು. ಹಾಗಾದರೆ ಮಾತ್ರೆ ಅವಳೊಬ್ಬಳು ನುಂಗಿದರೆ ಸಾಕಲ್ಲ, ನಮಗೇಕೆ ಎಂದು ಇನ್ಯಾರೋ ಕೇಳಿದರು. ಅದೇ ಎಲ್ಲರಿಗೂ ನ್ಯಾಯವಾಗಿ ಕಂಡಿತು. ಹುಳು ಹೊತ್ತವರಿಗೆ ತಿಳಿಯುವುದಿಲ್ಲ, ನಿಮ್ಮಲ್ಲೂ ಇರಬಹುದು ಎಂದು ಅವಳು ಹೇಳುತ್ತಿದ್ದುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೆಲ್ಚೋರ್ ಕೈ ಎತ್ತಿಸಿದ. ದೊಡ್ಡಿ ಬೇಕೆಂದು ಎದ್ದ ಕೈಗಳು ಅವಳದು, ಶಾಲೆಯ ಮೇಷ್ಟರದು, ಮತ್ತು ಸ್ವಲ್ಪ ತಡವಾಗಿ ದೋನ್ ಸೆನೋಬಿಯೊನದು. ಸೊಸೆಯ ಮಾನ ಕಾಯಲು ಎತ್ತಿದ್ದಾನೆಂದು ಜನ ಮೆಚ್ಚಿಕೊಂಡರು.

ಆ ಮಾತನ್ನು ಇನ್ನು ಸಭೆಯಲ್ಲಿ ಎತ್ತಕೂಡದೆಂದು ನಿರ್ಣಯವಾಯಿತು.

ಹಂದಿಯನ್ನು ಅವಳು ಬಿತ್ತನೆಯ ಊಟಕ್ಕೆ ಕೊಡಲಿಲ್ಲ. ರೋಸ್ಮೆರಿಯನ್ನು ಕರೆಸಿ ಕೊಲ್ಲಿಸಿ, ಆಳವಾದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಿಸಿದಳು. ಅಷ್ಟು ಮಾಂಸವನ್ನು ಮಣ್ಣುಪಾಲು ಮಾಡಿದಳೆಂದು ಹಸಿಂತಾ ಬಿತ್ತನೆ ಮುಗಿಯುವವರೆಗೂ ಅವಳೊಡನೆ ಮಾತು ಬಿಟ್ಟಳು. ಅವಳ ನಗೆಮಾತಿಗಿಂತ ಆ ಮೌನ ಹೆಚ್ಚು ಭಾರವಾಗಿತ್ತು.

ಗುಂಡಿ ಮುಚ್ಚಿದ ಸಂಜೆಯೇ ಎದೆಲ್ಮಿರಾ ಶೌಚಾಲಯದಿಂದ ಗೆಡ್ಡೆಯ ಮೂಟೆಗಳನ್ನು ಹೊರಗೆಳೆದು, ತಾನು ಮಲಗುವ ಕೋಣೆಯ ಗೋಡೆಗೆ ಜೋಡಿಸಿದಳು. ಕೊನೆಯ ಮೂಟೆಗೆ ಮರಳಿದಾಗ ಮಾವ ಅದನ್ನು ಬೆನ್ನಿಗೇರಿಸಿಕೊಂಡು, ಒಂದು ಕಾಲನ್ನು ಎಳೆದುಕೊಂಡು ಎದುರು ಬರುತ್ತಿದ್ದ. ಇಳಿಸಿ ಎಂದರೂ ಇಳಿಸಲಿಲ್ಲ.

"ಸಭೇಲಿ ನನ್ನ ಹೆಸರು ಹೇಳ್ಬೋದಿತ್ತು ನೀನು," ಎಂದ, ಮೂಟೆಯನ್ನು ಗೋಡೆಗೊರಗಿಸಿ ಏದುಸಿರು ಬಿಡುತ್ತ.

"ನೀವೇ ಹೇಳ್ಬೋದಿತ್ತು, ಮಾವ."

ಅವನು ತಲೆಯಾಡಿಸಿದ. ಹೌದೆಂದೋ ಅಲ್ಲವೆಂದೋ ಅವಳಿಗೆ ತಿಳಿಯಲಿಲ್ಲ. ಆ ಸಿಟ್ಟು ಅವಳಲ್ಲಿ ಆರಲೂ ಇಲ್ಲ. ತಾನು ಒಬ್ಬನ ಮರ್ಯಾದೆ ಉಳಿಸಲು ಹೋಗಿ ಊರಿನ ಮಕ್ಕಳ ತಲೆಗಳನ್ನು ಪಣಕ್ಕಿಟ್ಟೆನೇ ಎಂಬ ಪ್ರಶ್ನೆ ಗೆಡ್ಡೆಯ ಮೂಟೆಗಳ ಜೊತೆಗೇ ಅವಳ ಕೋಣೆಗೆ ಬಂದು ಕುಳಿತಿತ್ತು.

ಎರಡು ದಿನ ಕಳೆದ ಮೇಲೆ ಕಿಟಕಿಯ ಕಟ್ಟೆಯ ಮೇಲಿದ್ದ ಡಬ್ಬಿ ಅಲ್ಲಿರಲಿಲ್ಲ. ದೋನ್ ಸೆನೋಬಿಯೊ ಪೋಂಚೋ ಕಂಬಳಿ ಹೊದ್ದು, ಸಂತೆಯ ದಿನವಲ್ಲದಿದ್ದರೂ ಪಟ್ಟಣದ ವ್ಯಾನು ಹತ್ತಿದ್ದನ್ನು ಜನ ನೋಡಿದ್ದರು. ಯಾರ ಕೈಗೂ ಕೊಡಲಾರದ ಡಬ್ಬಿಯನ್ನು ಅವನು ತಾನೇ ಪೋಂಚೋದೊಳಗೆ ಮುಚ್ಚಿಟ್ಟುಕೊಂಡು ರೋಸ್ಮೆರಿಯ ಮೇಜಿನವರೆಗೆ ಒಯ್ದಿದ್ದ. ಮರುವಾರ ಮತ್ತೊಮ್ಮೆ ಹೋದ. ಹಿಂತಿರುಗಿದಾಗ ಮುಖ ಬಿಳಿಚಿತ್ತು. ಡಾಕ್ಟರಮ್ಮ ಮಾತ್ರೆ ಕೊಟ್ಟಳು ಎಂದ. ಹೊರಬಂದದ್ದನ್ನು ತನ್ನ ಕಣ್ಣಾರೆ ನೋಡಿದೆ, ಎರಡು ಮಾರು ಉದ್ದ ಇತ್ತು ಎಂದ. ಆಮೇಲೆ ಬಾಗಿಲ ಕಡೆ ನೋಡಿ, ಮಾರ್ಲೆನಿ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡ.

"ಮಗು ತಲೇಲಿರೋದು ನನ್ನಿಂದ್ಲೇನಾ ಅಂತ ಕೇಳ್ದೆ ಡಾಕ್ಟರಮ್ಮನ್ನ."

ಎದೆಲ್ಮಿರಾ ಒಲೆಗೆ ಇನ್ನೊಂದು ಬೆರಣಿ ಇಟ್ಟಳು.

"ಹೇಳೋಕಾಗಲ್ಲ ಅಂದ್ಲು. ಊರಲ್ಲಿ ಯಾರಿಂದ್ಲಾದ್ರೂ ಆಗಿರ್ಬೋದು ಅಂದ್ಲು." ಆಮೇಲೆ ಹೇಳಿದ: "ಒಳ್ಳೆ ಹುಡುಗಿ ಅವಳು. ಮೆಲ್ಚೋರನ ಕಿವಿಗೆ ಮಾತ್ರ ಬೀಳೋದು ಬೇಡ, ಎದೆಲ್ಮಿರಾ. ನಾನು ಸತ್ತ ಮೇಲೆ ಬೇಕಾದ್ರೆ ಹೇಳು."

ಎರಡು ವರ್ಷಗಳಿಂದ ಅವಳು ಹುಡುಕುತ್ತಿದ್ದ ಸಾಕ್ಷಿ ಅದು. ತಪ್ಪು ದೊಡ್ಡಿಯದಲ್ಲವೆಂದು, ಮಾತ್ರೆ ಕೆಲಸ ಮಾಡುತ್ತದೆಂದು, ಹುಳು ಹೊತ್ತವನಿಗೆ ತಿಳಿಯುವುದಿಲ್ಲವೆಂದು ಒಂದೇ ಏಟಿಗೆ ತೋರಿಸುವ ಸಾಕ್ಷಿ. ಅದು ಸಿಕ್ಕಿತು, ಮತ್ತು ಸಿಕ್ಕ ಗಳಿಗೆಯಲ್ಲೇ ಅದಕ್ಕೆ ಬೀಗ ಬಿತ್ತು. ಹೊರಗೆ ಹಸಿಂತಾಳ ಹಂದಿ ಮರಿಗಳ ಸಮೇತ ಬಂದು ಬರಿದಾದ ದೊಡ್ಡಿಯ ಗೋಡೆಯ ಬುಡವನ್ನು ಮೂತಿಯಿಂದ ಕೆದಕುತ್ತಿತ್ತು. ಎದೆಲ್ಮಿರಾ ಎದ್ದು ಹೋಗಿ ಕಲ್ಲು ಬೀರಿ ಓಡಿಸಿದಳು. ಅವಳು ಒಳಗೆ ಬರುವಷ್ಟರಲ್ಲಿ ಅದು ಮತ್ತೆ ಬಂದಿತ್ತು.

ಮರುದಿನ ಬೆಳಿಗ್ಗೆ ಬುಟ್ಟಿಯಿಂದ ಹಬೆ ಏಳುತ್ತಿರುವಾಗ ಮಾರ್ಲೆನಿ ತಾತನ ಪಕ್ಕಕ್ಕೆ ಜರುಗಿ ಕೈ ಚಾಚಿದಳು. ಮುದುಕ ಎರಡೂ ಕೈಗಳನ್ನು ಪೋಂಚೋದೊಳಗೆ ಎಳೆದುಕೊಂಡ. ಅಮ್ಮನನ್ನು ಕೇಳು ಎಂದ. ಹುಡುಗಿ ಚಾಚಿದ ಕೈಯನ್ನು ಹಿಂತೆಗೆಯಲಿಲ್ಲ. ತಾನೇನು ತಪ್ಪು ಮಾಡಿದೆ ಎಂಬಂತೆ ಇಬ್ಬರ ಮುಖವನ್ನೂ ನೋಡಿದಳು.

ಎದೆಲ್ಮಿರಾ ಒಲೆಯ ಮೇಲಿನ ಬಿಸಿನೀರನ್ನು ಬೋಗುಣಿಗೆ ಬಗ್ಗಿಸಿ, ಸೋಪಿನ ತುಂಡನ್ನೂ ಉಗುರು ಕತ್ತರಿಸುವ ಕತ್ತರಿಯನ್ನೂ ತಂದು ಮಾವನ ಮುಂದಿಟ್ಟಳು. ಅವನ ಕೈಗಳನ್ನು ಒಂದಾದ ಮೇಲೊಂದು ಪೋಂಚೋದಿಂದ ಹೊರಗೆಳೆದು, ಒಂದೊಂದೇ ಉಗುರನ್ನು ಬುಡದವರೆಗೆ ಕತ್ತರಿಸಿದಳು. ಮೃದುವಾಗೇನೂ ಕತ್ತರಿಸಲಿಲ್ಲ. ಅವನು ತಡೆಯಲಿಲ್ಲ. ಆಮೇಲೆ ಸೋಪು ಹಚ್ಚಿ ತೊಳೆಯತೊಡಗಿದ. ಮೊಣಕೈವರೆಗೆ ತೊಳೆದ, ನೀರು ಚೆಲ್ಲಿಸಿ ಮತ್ತೆ ತೊಳೆದ, ಸಾಕು ಎಂದರೂ ಮೂರನೆಯ ಸಲ ಸೋಪು ತೆಗೆದುಕೊಂಡ.

ಕೊನೆಗೆ ಅವನು ಗೆಡ್ಡೆ ಹಿಡಿದಾಗ ಅದು ಆರಿತ್ತು. ಸಿಪ್ಪೆ ತೆಗೆಯಲು ಉಗುರೂ ಇರಲಿಲ್ಲ. ಬೆರಳ ತುದಿಯಿಂದ ಉಜ್ಜಿ ಉಜ್ಜಿ, ಅರ್ಧ ಹಿಟ್ಟನ್ನೂ ಸಿಪ್ಪೆಯ ಜೊತೆಗೇ ಕಳೆದು, ಉಳಿದ ಚೂರನ್ನು ಮೊಮ್ಮಗಳ ಕೈಗಿಟ್ಟ.

"ತಣ್ಣಗಿದೆ, ತಾತ," ಎಂದಳು ಮಾರ್ಲೆನಿ.

"ಇರ್ಲಿ, ತಿನ್ನು," ಎಂದಳು ಎದೆಲ್ಮಿರಾ. ಗೋಡೆಯ ಬುಡದಲ್ಲಿ ಹಂದಿ ಕೆದಕುವ ಸದ್ದು ಮತ್ತೆ ಕೇಳಿಸುತ್ತಿತ್ತು. ಅವಳು ಕಲ್ಲು ತೆಗೆದುಕೊಂಡು ಹೊರಗೆ ಹೋದಳು.